ನಲಿಕಲಿ ಕೋಣೆಗೆ ಟಚ್ ಪ್ಯಾನಲ್ ಬಂದಿದೆ: ಒಬ್ಬರು ಮುಟ್ಟಿದರೆ ಉಳಿದವರು ಬರೀ ನೋಡುವಂತಾಗಬಾರದು, ಹೇಗೆ?

ಕಿರಿಯರಕೋಣೆ_ಸೋಮವಾರಪೇಟೆ

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ, ನಲಿಕಲಿ ಪದ್ಧತಿಯಲ್ಲಿ (ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದು), ಒಟ್ಟು 26 ಮಕ್ಕಳು. ದಾನಿಗಳು 65 ಇಂಚಿನ ಟಚ್ ಪ್ಯಾನಲ್ ಕೊಟ್ಟಿದ್ದಾರೆ, ಗಾಲಿ ಸ್ಟ್ಯಾಂಡ್ ಸಮೇತ. ಆಂಡ್ರಾಯ್ಡ್ ಅದರೊಳಗೇ ಇದೆ, ಬೇರೆ ಕಂಪ್ಯೂಟರ್ ಇಲ್ಲ. ಕಟ್ಟಡ ಹಳೆಯದು: ಮಣ್ಣಿನ ಗೋಡೆ, ಮಂಗಳೂರು ಹೆಂಚು, ಬೆಳಕಿಗೆ ಎರಡು ಗಾಜಿನ ಹೆಂಚು. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಮಾತ್ರ. ಮಳೆಗಾಲದ ಕರೆಂಟಿನ ವಿಷಯ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗಿನ ತೊಂದರೆಗಳು ಹೀಗಿವೆ. ಒಂದು ಮಗು ಪರದೆ ಮುಟ್ಟುತ್ತದೆ, 25 ಮಕ್ಕಳು ನೂಕಾಡುತ್ತಾರೆ. ಬಿಸಿಲಿದ್ದ ದಿನ ಬೆಳಿಗ್ಗೆ ಸುಮಾರು 11ಕ್ಕೆ ಯಾರೂ ಮುಟ್ಟದೆಯೇ ಗೆರೆ ಮೂಡುತ್ತದೆ, ಪುಟ ತಾನಾಗಿ ಬದಲಾಗುತ್ತದೆ. ಸಿಗುವ ವೀಡಿಯೊಗಳೆಲ್ಲ ಅ ಆ ಇ ಈ ಎಂದು ಶುರುವಾಗುತ್ತವೆ, ನಮ್ಮ ಕಲಿಕಾ ಏಣಿಗೆ, ಅಂದರೆ ಯಾವ ಕಾರ್ಡಿನ ನಂತರ ಯಾವುದು ಎಂಬ ಕ್ರಮದ ಪಟ್ಟಿಗೆ, ಹೊಂದುವುದಿಲ್ಲ. ಇನ್ನು ಇನ್ವರ್ಟರ್ ಎಷ್ಟು ದೊಡ್ಡದು ಬೇಕು? ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ವೈರಿಂಗ್_ವಿರಾಜಪೇಟೆ

ಮೇಡಂ, ಯಂತ್ರದ ಭಾಗ ನಾನು ಹೇಳುತ್ತೇನೆ, ಪಾಠದ ಭಾಗ ಶಿಕ್ಷಕರು ಹೇಳಲಿ.

11 ಗಂಟೆಯ ಗೆರೆಗೆ ಹೆಚ್ಚಾಗಿ ನಿಮ್ಮ ಗಾಜಿನ ಹೆಂಚೇ ಕಾರಣ. ಈ ಗಾತ್ರದ ಪ್ಯಾನಲ್‌ಗಳಲ್ಲಿ ಬಹುಪಾಲು ಇನ್‌ಫ್ರಾರೆಡ್ ಚೌಕಟ್ಟಿನವು. ಗಾಜಿಗೆ ಸ್ಪರ್ಶ ಗೊತ್ತಾಗುವುದಿಲ್ಲ. ಚೌಕಟ್ಟಿನ ಒಂದು ಅಂಚಿನಿಂದ ಎದುರು ಅಂಚಿಗೆ ಕಣ್ಣಿಗೆ ಕಾಣದ ಕಿರಣಗಳು ಸಾಲಾಗಿ ಹರಿಯುತ್ತಿರುತ್ತವೆ, ಬೆರಳು ಎಲ್ಲಿ ಅಡ್ಡ ಬಂತೋ ಅಲ್ಲಿ ಮುಟ್ಟಿದ ಹಾಗೆ ಲೆಕ್ಕ. ನೇರ ಬಿಸಿಲಿನಲ್ಲೂ ಅದೇ ಜಾತಿಯ ಕಿರಣ ಧಾರಾಳವಾಗಿ ಇರುತ್ತದೆ. ಅದು ಅಂಚಿನ ಗ್ರಾಹಕಗಳ ಮೇಲೆ ಬಿದ್ದರೆ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಸುಲಭ: ಗೆರೆ ಮೂಡುತ್ತಿರುವಾಗಲೇ ಬಿಸಿಲು ಬೀಳುವ ಕಡೆಗೆ ಕೊಡೆ ಹಿಡಿಯಿರಿ. ನಿಂತರೆ ಬಿಸಿಲೇ. ಹೆಂಚು ತೆಗೆಸಬೇಡಿ, ಕೋಣೆಗೆ ಬೆಳಕು ಬೇಕು. ಅದರ ಕೆಳಗೆ ಬಿಳಿ ಪಂಚೆ ಬಟ್ಟೆ ಬಿಗಿದು ಕಟ್ಟಿ, ಇಲ್ಲವೇ ಬಿಸಿಲಿನ ಚೌಕ ತಲುಪದ ಗೋಡೆಗೆ ಸ್ಟ್ಯಾಂಡ್ ಸರಿಸಿ.

ಕೊಡೆ ಹಿಡಿದರೂ ನಿಲ್ಲದಿದ್ದರೆ ಚೌಕಟ್ಟಿನ ಒಳಅಂಚನ್ನು ನೋಡಿ. ಧೂಳು, ಸೀಮೆಸುಣ್ಣದ ಪುಡಿ, ಜೇಡರ ಬಲೆ, ಮಳೆ ಶುರುವಾದ ಮೇಲೆ ದೀಪಕ್ಕೆ ಬರುವ ರೆಕ್ಕೆಹುಳ ಅಲ್ಲಿ ಕೂತರೆ ಅದೂ ಬೆರಳೇ. ಪ್ಯಾನಲ್ ಆಫ್ ಮಾಡಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ನಾಲ್ಕೂ ಅಂಚು ಒರೆಸಿ. ನೀರು ಚಿಮುಕಿಸಬೇಡಿ, ಅಂಚಿನೊಳಗೆ ಇಳಿಯುತ್ತದೆ. ಸೀಮೆಸುಣ್ಣದ ಹಲಗೆ ಪ್ಯಾನಲ್ ಪಕ್ಕದಲ್ಲೇ ಇದ್ದರೆ ಈ ಕೆಲಸ ವಾರ ವಾರವೂ ಇದ್ದದ್ದೇ, ಹಲಗೆಯನ್ನು ಎದುರು ಗೋಡೆಗೆ ಹಾಕಿ.

ಎತ್ತರ: ಕಾರ್ಖಾನೆಯ ಅಳತೆ ದೊಡ್ಡವರಿಗೆ ಮಾಡಿದ್ದು. ಸ್ಟ್ಯಾಂಡಿನ ತೂತುಗಳಲ್ಲಿ ಅತಿ ಕೆಳಗಿನದಕ್ಕೆ ಇಳಿಸಿ, ಪರದೆಯ ಕೆಳ ಅಂಚು ನೆಲದಿಂದ 60–65 ಸೆಂ.ಮೀ. ಇರಲಿ. ಆಗ ಮೇಲಂಚು ಸುಮಾರು ಒಂದೂವರೆ ಮೀಟರಿಗೆ ಬರುತ್ತದೆ, ಒಂದನೇ ತರಗತಿ ಮಗುವಿನ ಕೈ ಮುಕ್ಕಾಲು ಪರದೆಗೆ ಎಟಕುತ್ತದೆ. ಮುಟ್ಟಬೇಕಾದ ಚಿತ್ರಗಳನ್ನು ಪರದೆಯ ಕೆಳ ಅರ್ಧದಲ್ಲೇ ಇಡಿ. ಮಣ್ಣಿನ ಗೋಡೆಗೆ ಮಾತ್ರ ಬೋಲ್ಟ್ ಹೊಡೆಸಬೇಡಿ. 40 ಕೆ.ಜಿ. ಆಸುಪಾಸಿನ ಪೆಟ್ಟಿಗೆ, ಮಣ್ಣಿನಲ್ಲಿ ಆಂಕರ್ ಹಿಡಿಯುವುದಿಲ್ಲ. ಗಾಲಿಗಳ ಲಾಕ್ ಹಾಕಿ, ಸ್ಟ್ಯಾಂಡಿನ ಮೇಲ್ಭಾಗವನ್ನು ಕಿಟಕಿ ಸರಳಿಗೆ ಪಟ್ಟಿಯಿಂದ ಬಿಗಿಯಿರಿ. ಮಕ್ಕಳು ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತುತ್ತಾರೆ, ಮುಂದಕ್ಕೆ ಮಗುಚುವುದು ಹಾಗೆಯೇ.

ಕರೆಂಟು: ಪ್ಯಾನಲ್ 150–200 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ನಿಜವಾದ ಅಂಕಿ ಹಿಂಬದಿಯ ಚೀಟಿಯಲ್ಲಿದೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯ ಲೆಕ್ಕ 1800 ವಾಟ್‌ಅವರ್. ಬ್ಯಾಟರಿ ಪೂರ್ತಿ ಬರಿದಾಗಬಾರದು, ಇನ್ವರ್ಟರೂ ಒಂದಿಷ್ಟು ತಿನ್ನುತ್ತದೆ, ಹಾಗಾಗಿ ಕೈಗೆ ಸಿಗುವುದು ಸುಮಾರು 1000. ಅಂದರೆ ಐದಾರು ಗಂಟೆ, ಒಂದು ಶಾಲಾ ದಿನಕ್ಕೆ ಸಾಕು. ಕಂಪ್ಯೂಟರಿನ 600 ವಿಎ ಯುಪಿಎಸ್ ಕೊಂಡರೆ ಕೆಲವು ನಿಮಿಷ ಅಷ್ಟೇ. ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂಥದೇ ಅಲೆ ಕೊಡುವ ಬಗೆ) ಇರಲಿ. ಪ್ಯಾನಲ್ಲಿನ ಲೋಹದ ಅಂಚು ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ. ಅದು ಸರಿಯಾಗುವವರೆಗೆ ಮಕ್ಕಳನ್ನು ಹತ್ತಿರ ಬಿಡಲೇಬೇಡಿ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಬೇಕು, ಲ್ಯಾನ್ ಅಥವಾ ಕೇಬಲ್ ತಂತಿ ಇದ್ದರೆ ಅದನ್ನೂ. ಬೇಸಿಗೆ ರಜೆಗೆ ಬೀಗ ಹಾಕುವಾಗ ಇದು ಮೊದಲ ಕೆಲಸ.

ತಟ್ಟೆ_ಕಾರ್ಡು

ಸರ್ ಹೇಳಿದ ಎತ್ತರದ ಮಾತನ್ನು ಮೊದಲು ಮಾಡಿ ಮೇಡಂ, ನೂಕಾಟ ಅರ್ಧ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಒಂದೇ ನಿಯಮ ಸಾಕು: ಮೊದಲು ಸ್ಲೇಟು, ಆಮೇಲೆ ಪರದೆ.

26 ಮಕ್ಕಳನ್ನೂ ಒಟ್ಟಿಗೆ ಪ್ಯಾನಲ್ ಮುಂದೆ ಕೂರಿಸುವುದು ಹಾಡು, ಕಥೆಗೆ ಮಾತ್ರ, ಅದೂ 10 ನಿಮಿಷ. ಮಿಕ್ಕ ಹೊತ್ತು ಪ್ಯಾನಲ್ ಒಂದು ತಟ್ಟೆಯ, ಅಂದರೆ ಒಂದು ಗುಂಪಿನ ಜಾಗ, ಐದಾರು ಮಕ್ಕಳದ್ದು. ಸ್ವಕಲಿಕೆಯ ತಟ್ಟೆಗೆ ಕೊಡಬೇಡಿ, ಎರಡು ನಿಮಿಷದಲ್ಲಿ ಬೇರೆ ಆ್ಯಪ್ ತೆರೆದಿರುತ್ತದೆ. ಸಮವಯಸ್ಕರ ಸಹಾಯದ ತಟ್ಟೆಗೆ ಕೊಡಿ, ಮೂರನೆಯ ತರಗತಿಯ ಮಗುವೊಂದು ಜೊತೆಗಿರಲಿ. ನೀವು ಪೂರ್ಣ ಸಹಾಯ ಕೊಡುವ ಗುಂಪಿನೊಂದಿಗೆ ಕೂತ ಜಾಗದಿಂದ ಪರದೆ ಕಾಣುವಂತಿರಲಿ.

ಮೊದಲ ಐದು ಅಕ್ಷರ ರ ಗ ಸ ದ ಅ ಮುಗಿದಿದೆ ಎನ್ನೋಣ. ಪರದೆಯಲ್ಲಿ ಗರಗಸದ ಚಿತ್ರ, ಕೆಳಗೆ ಚದುರಿದ ಅಕ್ಷರಗಳು. ಯಾರೂ ಏಳುವುದಿಲ್ಲ. ಆರೂ ಮಕ್ಕಳು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ. ಆಮೇಲೆ ಸರದಿಯ ಮಗು ಎದ್ದು ಅಕ್ಷರಗಳನ್ನು ಎಳೆದು ಜೋಡಿಸುತ್ತದೆ, ಉಳಿದವರು ತಮ್ಮ ಸ್ಲೇಟಿಗೆ ಹೋಲಿಸುತ್ತಾರೆ. ಯಾರದಾದರೂ ‘ಗಗರಸ’ ಆಗಿದ್ದರೆ ಓದಿ ಕೇಳಿಸಬೇಕು, ಕಿವಿಯೇ ತಿದ್ದುತ್ತದೆ. ಅಗಸ, ಅರಸ, ಸರ, ದರ ಹೀಗೆ ಮಗುವಿಗೊಂದು ಪದ, ಪದಕ್ಕೆ ಎರಡು ನಿಮಿಷ, 12 ನಿಮಿಷದಲ್ಲಿ ತಟ್ಟೆ ಬದಲು. ಇದರಲ್ಲಿ ಪರದೆ ಮುಟ್ಟಿದ್ದು ಒಂದೇ ಸಲವಾದರೂ ಬರೆದದ್ದು ಎಲ್ಲರೂ ಆರು ಸಲ.

ವೀಡಿಯೊ ವಿಷಯ ನಿಜವಾದ ತೊಡಕು. ವರ್ಣಮಾಲೆಯ ಕ್ರಮದ ವೀಡಿಯೊ ಹಾಕಿದರೆ ಮಗು ‘ಅ ಅಗಸ’ದಿಂದ ಶುರುಮಾಡಿ ಬಾಯಿಪಾಠ ಒಪ್ಪಿಸುತ್ತದೆ, ಆದರೆ ನಡುವಿನಿಂದ ಒಂದು ಅಕ್ಷರ ತೋರಿಸಿದರೆ ಗುರುತಿಸುವುದಿಲ್ಲ. ಆ ವೀಡಿಯೊಗಳನ್ನು ಬಿಡಿ. ನಿಮ್ಮ ಕಾರ್ಡುಗಳನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು, ಏಣಿಯ ಪ್ರತಿ ಮೈಲಿಗಲ್ಲಿಗೆ (ಹಂತಕ್ಕೆ) ಒಂದು ಫೋಲ್ಡರ್ ಮಾಡಿ, ಫೋಲ್ಡರಿಗೆ ಕಾರ್ಡಿನ ಲೋಗೊದ (ಗುರುತಿನ ಚಿತ್ರದ) ಹೆಸರು ಮತ್ತು ಸಂಖ್ಯೆಯನ್ನೇ ಹೆಸರಾಗಿಡಿ. ಮಗು ಏಣಿ ನೋಡಿ ತಾನೇ ಹುಡುಕಿಕೊಳ್ಳುತ್ತದೆ.

ಅಕ್ಷರ ತಿದ್ದುವ ಆ್ಯಪ್‌ಗಳ ಬಗ್ಗೆ ಎಚ್ಚರ. ಹೆಚ್ಚಿನವು ಕೊನೆಯ ಆಕಾರ ನೋಡಿ ಚಪ್ಪಾಳೆ ಹೊಡೆಯುತ್ತವೆ, ಕೈ ಎಲ್ಲಿಂದ ಹೊರಟಿತು ಎಂದು ನೋಡುವುದಿಲ್ಲ. ತಿರುಗುಮುರುಗು ಬರೆಯುವ ಅಭ್ಯಾಸ ಕೂತರೆ ಬಿಡಿಸುವುದು ಕಷ್ಟ. ಖಾಲಿ ಪರದೆಯಲ್ಲಿ 25–30 ಸೆಂ.ಮೀ. ಎತ್ತರದ ಅಕ್ಷರವನ್ನು ಇಡೀ ತೋಳು ಆಡಿಸಿ ಬರೆಸಿ, ಮಗುವಿನ ಕೈಯನ್ನೇ ನೋಡಿ. ಬರೆಯುವಾಗ ಎಡಗೈ ಪರದೆಗೆ ಊರಿದರೆ ಗೆರೆ ಹಾರುತ್ತದೆ, ‘ಇನ್ನೊಂದು ಕೈ ಬೆನ್ನ ಹಿಂದೆ’ ಎಂದು ಮೊದಲ ದಿನವೇ ಕಲಿಸಿ. ನಿಮ್ಮ ಸೆರಗು, ದುಪಟ್ಟಾ ತಾಗಿದರೂ ಅದೇ ಆಗುತ್ತದೆ.

ಗಣಿತಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದ ‘ಮೇಕ್ ಎ ಟೆನ್’ ಚೆನ್ನಾಗಿದೆ, ಸಂಖ್ಯೆಗಳನ್ನು ಎಳೆದು ಕೂಡಿಸಬಹುದು, ಬಿಡಿಸಬಹುದು. ಆದರೆ ಕಾಫಿ ಬೀಜ ಹತ್ತತ್ತು ಎಣಿಸಿ ಬೆಂಕಿಪೆಟ್ಟಿಗೆಗೆ ತುಂಬಿದ ಮೇಲೆಯೇ ಅದು. ಕೈಗೆ ಗೊತ್ತಿಲ್ಲದ ಹತ್ತು ಪರದೆಯಲ್ಲಿ ಅರ್ಥವಾಗುವುದಿಲ್ಲ.

ಗೋಡೆಯ ಹವಾಮಾನ ನಕ್ಷೆಯನ್ನೂ, ಮಕ್ಕಳ ಚಿತ್ರ ತೂಗುಹಾಕುವ ಚಪ್ಪರವನ್ನೂ ತೆಗೆದು ಪರದೆಗೆ ಹಾಕುವವರಿದ್ದಾರೆ. ಅದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಪ್ಯಾನಲ್ ಆಫ್ ಆದಾಗ ಮಗುವಿನ ಚಿತ್ರವೂ ಮಾಯವಾಗಬಾರದು.

ಮಳೆನಾಡು_ಮೇಷ್ಟ್ರು

ಒಂದೇ ಮಾತು: ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಪ್ಯಾನಲ್ಲಿನ ಸ್ಪೀಕರ್ ಕೇಳಿಸುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೆ ದನಿ ಒಡೆದು ಪ–ಬ, ತ–ದ ಬೇರೆಯಾಗಿ ಕೇಳುವುದೇ ಇಲ್ಲ. ಉಚ್ಚಾರಣೆಯ ಕೆಲಸವನ್ನು ಮಳೆ ಬಿಡುವು ಕೊಟ್ಟಾಗ ಮಾಡಿ, ಜೋರು ಮಳೆಗೆ ಬರವಣಿಗೆಯ ತಟ್ಟೆ ಇಟ್ಟುಕೊಳ್ಳಿ.

ಕಿರಿಯರಕೋಣೆ_ಸೋಮವಾರಪೇಟೆ

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ಇನ್ನೆರಡು ಕೇಳುತ್ತೇನೆ. ಕಂಪ್ಯೂಟರಿನಲ್ಲಿ ಮಾಡಿದ ಪಿಪಿಟಿ ಪ್ಯಾನಲ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಮತ್ತೆ, ತೋಟದ ಲೈನ್‌ಮನೆಗಳಿಂದ ಬರುವ ಮಕ್ಕಳಲ್ಲಿ ಕೆಲವರು ಯರವ (ಇಲ್ಲಿನ ಬುಡಕಟ್ಟಿನ ನುಡಿ) ಮಾತಾಡುವವರು, ಕೆಲವರು ಅಸ್ಸಾಂ, ಜಾರ್ಖಂಡ್ ಕಡೆಯವರು. ಅವರಿಗೆ ಪ್ಯಾನಲ್‌ನಿಂದ ಏನು ಉಪಯೋಗ ಮಾಡಿಕೊಳ್ಳಬಹುದು?

ವೈರಿಂಗ್_ವಿರಾಜಪೇಟೆ

ಅದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ. ಆ ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಅವಸರವಿದ್ದರೆ ಅದೇ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿ ತನ್ನಿ, ಅಕ್ಷರ ಹಾಗೇ ಉಳಿಯುತ್ತದೆ. ಕೊನೆಯ ಸಾಲಿಗೆ ಕಾಣಲು ಅಕ್ಷರದ ಎತ್ತರ ಪರದೆಯ ಮೇಲೆ 5 ಸೆಂ.ಮೀ. ಬೇಕು, ಒತ್ತಕ್ಷರವಿದ್ದರೆ ಇನ್ನೂ ದೊಡ್ಡದು. ಪೆನ್‌ಡ್ರೈವ್ ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಹೆಚ್ಚಿನ ಪ್ಯಾನಲ್‌ಗಳು ಓದುತ್ತವೆ, ಒಂದು ಫೈಲ್ ಮಾತ್ರ 4 ಜಿಬಿ ಮೀರಬಾರದು. ವೀಡಿಯೊ 720ಪಿ ಎಂಪಿ4 ಸಾಕು.

ತಟ್ಟೆ_ಕಾರ್ಡು

ಭಾಷೆಯ ಕೆಲಸಕ್ಕೇ ಪ್ಯಾನಲ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಮೇಡಂ, ಕಾರ್ಡಿಗೆ ದನಿ ಇಲ್ಲವಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಒಂದನೇ ಹಂತದ ಚಿತ್ರಪುಸ್ತಕಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ, ಸಿಗ್ನಲ್ ಇರುವಲ್ಲಿ ಇಳಿಸಿಕೊಂಡು ಬನ್ನಿ. ಒಂದು ಪುಟ ತೋರಿಸಿ, ಕನ್ನಡ ಸಾಲನ್ನು ಮುಚ್ಚಿ, ಚಿತ್ರದಲ್ಲಿ ಏನೇನಿದೆ ಎಂದು ಮಗು ತನ್ನ ಮನೆಮಾತಿನಲ್ಲೇ ಹೇಳಲಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ಆಮೇಲೆ ಅದೇ ಪುಟಕ್ಕೆ ಕನ್ನಡ ಬಲ್ಲ ಜೊತೆಗಾರನ ದನಿ. ಮುದ್ರಿಕೆ 20 ಸೆಕೆಂಡ್ ಮೀರದಿರಲಿ, ಪುಟಕ್ಕೊಂದು ಫೈಲ್. ಎರಡನ್ನೂ ಕೇಳಿಸಿ, ಎರಡೂ ಬಳಗದ ಮಕ್ಕಳು ಇನ್ನೊಬ್ಬರ ಪದ ಹೇಳಿ ನೋಡಲಿ. ಮಾತೇ ಆಡದೆ ಕೂರುವ ಮಗುವಿಗೆ ಬಾಯಿ ತೆರೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಕಾಫಿ ಕೊಯ್ಲು ಮುಗಿದ ಮೇಲೆ ಕೆಲವು ಕುಟುಂಬಗಳು ಊರು ಬಿಡುತ್ತವೆ. ಆ ಮಕ್ಕಳ ಮೈಲಿಗಲ್ಲಿನ ಸಂಖ್ಯೆಯನ್ನು ಪ್ರಗತಿ ನೋಟದಿಂದ (ಮಕ್ಕಳ ಮುನ್ನಡೆ ಗುರುತಿಸುವ ಪಟ್ಟಿಯಿಂದ) ಒಂದು ಚೀಟಿಗೆ ಬರೆದು ತಂದೆತಾಯಿ ಕೈಗೆ ಕೊಡಿ, ಮುಂದಿನ ಶಾಲೆಯ ಶಿಕ್ಷಕರಿಗೆ ಮಗು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯುತ್ತದೆ. ಧ್ವನಿ ಫೈಲ್‌ಗಳನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ, ಕೋಣೆಯ ಪೆನ್‌ಡ್ರೈವ್‌ನಲ್ಲೇ ಇರಲಿ.