ಇಳಕಲ್ ಸೀರೆ ಕೊಳ್ಳುವಾಗ ಏನು ನೋಡಬೇಕು?

ಪ್ರಶ್ನೆ: ಅಂಗಡೀಲಿ ಎಲ್ಲವನ್ನೂ ಕೈಮಗ್ಗದ್ದೇ ಅಂತಾರೆ. ಗುರುತಿಸೋದು ಹೇಗೆ? ಕೆಂಪು ಸೆರಗಿನ ಬಣ್ಣ ಒಡಲಿಗೆ ಹತ್ತುತ್ತಾ?

ಉತ್ತರ 1: ಒಡಲು, ಸೆರಗು ಕೂಡೋ ಜಾಗ ತಿರುವಿ ನೋಡ್ರಿ. ಒಡಲಿನ ಹಾಸು, ಅಂದ್ರ ಉದ್ದನ ಎಳೆಗಳಿಗೆ, ಸೆರಗಿನ ಹಾಸನ್ನ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರ್ತಾರ. ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ಸಿಗತೈತಿ. ತೋಪಿನ ತೆನಿ, ಅಂದ್ರ ಸೆರಗಿನ ಬಿಳಿ ಚಿತ್ತಾರ, ನೇಯದ ಬರೇ ಅಚ್ಚು ಹೊಡದಿದ್ರ ಬಿಟ್ಟು ಬರ್ರಿ.

ಉತ್ತರ 2: ಕೊಂಡಿ ಇದ್ದ ಮಾತ್ರಕ್ಕೆ ಸೆರಗು ರೇಷ್ಮೆಯದು ಅಂತಲ್ಲ. ಸೆರಗಿನ ಒಂದೆಳೆ ಸುಟ್ಟು ನೋಡಿ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಆರ್ಟ್ ಸಿಲ್ಕ್ (ರೇಯಾನ್‌ನ ಕೃತಕ ರೇಷ್ಮೆ) ಆದರೆ ಕಾಗದ ಸುಟ್ಟದ್ದು.

ಉತ್ತರ 3: ಬಣ್ಣಕ್ಕೆ: ಒದ್ದೆ ಬಿಳಿ ಬಟ್ಟೆಯಿಂದ ಸೆರಗು ಒರೆಸಿ ನೋಡಿ. ಒಗೆಯುವಾಗ ನೆನೆಹಾಕಬೇಡಿ, ತಣ್ಣೀರಲ್ಲಿ ಜಾಲಿಸಿ ತಕ್ಷಣ ನೆರಳಲ್ಲಿ ಹರವಿ. ಒದ್ದೆ ಸೀರೆಯನ್ನು ಬಕೆಟ್ಟಲ್ಲಿ ಮುದ್ದೆಯಾಗಿ ಬಿಟ್ಟಾಗಲೇ ಹೆಚ್ಚಾಗಿ ಕೆಂಪು ಹತ್ತೋದು.