ನಟಾಲ್‌ಗೆ ಹೋದ ಹಿರಿಯರ ಅಪ್ಪ ಅಮ್ಮ ಯಾರು ಅಂತ ಹುಡುಕೋದು ಹೇಗೆ?

ಹಳೇಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ನಮ್ಮ ತಂದೆಯ ಅಜ್ಜಿ ಕೈಗೂಸಾಗಿದ್ದಾಗ್ಲೇ ಅವರಪ್ಪ ಕೂಲಿಗೆ ಅಂತ ಮದ್ರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ನಟಾಲ್ ಸೇರಿದ್ರಂತೆ, 1890ರ ಆಸುಪಾಸು ಇರ್ಬೇಕು, ಮತ್ತೆ ವಾಪಸ್ ಬರ್ಲೇ ಇಲ್ಲ. ಅಜ್ಜಿ ಬೆಳೆದಿದ್ದೆಲ್ಲ ಅವರ ತಾಯಿಯ ತವರಲ್ಲಿ, ಹಾಗಾಗಿ ತಾಯಿ ಕಡೆ ಹೆಸರು ಕೇಳಿದ್ರೆ ಪಟಪಟ ಹೇಳೋರಿದಾರೆ, ಅಪ್ಪನ ಕಡೆ ಕೇಳಿದ್ರೆ ಮುಖ ಮುಖ ನೋಡ್ಕೋತಾರೆ. ಕೋಲಾರದ ಕಡೆಯವರು ಅನ್ನೋದಷ್ಟೇ ಗೊತ್ತು. ಮನೇಲಿರೋದು ಗೆದ್ದಲು ಹಿಡಿದ ಒಂದು ಕಾಗದ, ಯಾರ ಕೈಲೋ ಬರೆಸಿ ಕಳಿಸಿದ್ದು, ಕೆಳಗೆ ಅವರ ಹೆಸರು, ಪಕ್ಕದಲ್ಲಿ ಇಂಗ್ಲಿಷ್ ಅಂಕೀಲಿ ಐದಂಕಿಯ ಒಂದು ನಂಬರ್. ಅವರ ತಂದೆ ತಾಯಿ ಹೆಸರು ಸಿಗೋ ದಾರಿ ಏನಾದ್ರೂ ಇದ್ಯಾ? ಅಪ್ಪನಿಗೆ ವಯಸ್ಸಾಗಿದೆ, ಒಂದೇ ಸಮ ಇದನ್ನೇ ಕೇಳ್ತಿರ್ತಾರೆ.

ಕಡತಪ್ರಿಯ:
ಆ ನಂಬರ್ ಇದೆಯಲ್ಲ ಸರ್, ಅದನ್ನ ಮೊದಲು ಫೋಟೋ ತೆಗೆದು ಎರಡು ಮೂರು ಕಡೆ ಸೇವ್ ಮಾಡಿ. ಹೆಸರಿಗಿಂತ ಅದೇ ಮುಖ್ಯ. 1860ರ ನವೆಂಬರ್‌ನಲ್ಲಿ ಟ್ರೂರೋ ಅನ್ನೋ ಹಡಗು ಮದ್ರಾಸಿಂದ ಮೊದಲನೇ ಕೂಲಿಗಳನ್ನ ಡರ್ಬನ್‌ಗೆ ಇಳಿಸ್ತು, ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷದಷ್ಟು ಜನ ಹೋದ್ರು, ನಡುವೆ ಕೆಲವು ವರ್ಷ ನಿಂತಿತ್ತು ಅಷ್ಟೇ. ಹೋದವರಿಗೆಲ್ಲ ಒಂದೊಂದು ಕಲೋನಿಯಲ್ ನಂಬರ್ ಕೊಡ್ತಿದ್ರು, ಆಮೇಲೆ ಮದುವೆ, ಸಾವು, ಮಾಲೀಕ ಬದಲಾದದ್ದು, ಏನೇ ದಾಖಲೆ ಆದ್ರೂ ಆ ನಂಬರೇ. ಹಡಗಿನ ಪಟ್ಟಿಯಲ್ಲಿ ಹೆಸರಿನ ಪಕ್ಕ ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗುರುತು, ಇಷ್ಟೂ ಬರೀತಿದ್ರು. ಈ ಪಟ್ಟಿಗಳ ಡೇಟಾಬೇಸ್ ಡರ್ಬನ್‌ನ ಕ್ವಾಜುಲು ನಟಾಲ್ ಯೂನಿವರ್ಸಿಟಿಯ ಗಾಂಧಿ ಲುಥುಲಿ ಡಾಕ್ಯುಮೆಂಟೇಶನ್ ಸೆಂಟರ್‌ನಲ್ಲಿದೆ, ನಂಬರ್ ಹಾಕಿ ನೋಡಿ, ಅಪ್ಪನ ಹೆಸರು ಸಿಗೋ ಛಾನ್ಸ್ ಚೆನ್ನಾಗೇ ಇದೆ.

ತಾಯಿ ಹೆಸರು ಮಾತ್ರ ಅದರಲ್ಲಿ ಬರಲ್ಲ, ಆ ಕಾಲಂ ಯಾರೂ ಇಟ್ಟಿರಲಿಲ್ಲ. ಅದಕ್ಕೆ ಡೆತ್ ನೋಟಿಸ್ ನೋಡ್ಬೇಕು. ದಕ್ಷಿಣ ಆಫ್ರಿಕಾದಲ್ಲಿ ಆಸ್ತಿ ಬಿಟ್ಟು ಸತ್ತವರ ಎಸ್ಟೇಟ್ ಫೈಲ್‌ನಲ್ಲಿ ಈ ಫಾರಂ ಇರುತ್ತೆ, ಸತ್ತವರ ಅಪ್ಪ ಅಮ್ಮ ಇಬ್ಬರ ಹೆಸರೂ ಕೇಳಿರ್ತಾರೆ. ನಟಾಲಿನ ಹಳೇ ಫೈಲ್‌ಗಳು ಪೀಟರ್‌ಮಾರಿಟ್ಸ್‌ಬರ್ಗ್ ಆರ್ಕೈವ್ಸ್‌ನಲ್ಲಿವೆ, ಬಹಳಷ್ಟು ಫ್ಯಾಮಿಲಿಸರ್ಚ್ ಸೈಟಲ್ಲೂ ಪುಕ್ಕಟೆ ಸಿಗುತ್ತೆ. ಏನೂ ಇಲ್ದೆ ಸತ್ತಿದ್ರೆ ಫೈಲೇ ಇರಲ್ಲ, ಅದೊಂದು ತೊಂದ್ರೆ.

ಬೆಳವಲದಾಂವ:
ನಮ್ಮ ಕಡೆ ಆಗಿದ್ರ ಹೆಳವರನ್ನ ಕೇಳ್ರಿ ಅಂತಿದ್ದೆ. ಮನಿತನದ ವಂಶಾವಳಿ ಇಟ್ಕೊಂಡಿರೋದ ಅವರ ಕಸುಬು, ಮೊದಲ ಎತ್ತಿನ ಮ್ಯಾಲ ಬರ್ತಿದ್ರು, ಸುಗ್ಗಿ ಮುಗಿದ ಮ್ಯಾಲ ಬಂದು ಕಟ್ಟಿ ಮ್ಯಾಲ ಕುಂತು ಯಾರ ಮಗ ಯಾರು, ಯಾರು ಊರು ಬಿಟ್ರು ಎಲ್ಲಾ ಓದಿ ಹೇಳಿ ಕಾಳು ಕಡಿ ತಗೊಂಡು ಹೋಗ್ತಿದ್ರು. ಆದ್ರ ನಿಮಗ ಆ ಮುತ್ಯಾನ ಮನಿತನನ ಗೊತ್ತಿಲ್ಲಲ್ರಿ, ಅವರು ಗಂಡಮಕ್ಕಳ ಕವಲು ಹಿಡದ ಹೇಳೋರು. ಊರು ಗೊತ್ತಾದ ಮ್ಯಾಲ ನೋಡ್ರಿ.

ಹಳೇಪೆಟ್ಟಿಗೆ:
ಕಡತಪ್ರಿಯ ಸರ್, ಸಿಕ್ತು!! ಕೈ ನಡುಗ್ತಿದೆ ಟೈಪ್ ಮಾಡೋಕೆ. ಅದೇ ನಂಬರ್, ವಯಸ್ಸು 26, ಬಲ ಮೊಣಕಾಲ ಮೇಲೆ ಗಾಯದ ಕಲೆ ಅಂತಿದೆ, ತಂದೆ ಹೆಸರೂ ಇದೆ. ಆದ್ರೆ ಊರಿನ ಹೆಸರು ಏನೇನೋ ಆಗಿದೆ, ಎಷ್ಟು ಸಲ ಓದಿದ್ರೂ ಅಂಥ ಊರು ಕೋಲಾರ ಜಿಲ್ಲೇಲೇ ಇಲ್ಲ. ಬೆಳವಲದಾಂವ ಅವ್ರೇ, ನಮ್ಮ ಕಡೆ ಹೆಳವರು ಬಂದಿದ್ದು ನಾನಂತೂ ನೋಡಿಲ್ಲ, ಅಪ್ಪನ್ನ ಕೇಳ್ತೀನಿ.

ಶಾನುಭೋಗರಮೊಮ್ಮಗ:
ಊರಿನ ಹೆಸರು ಕಣ್ಣಲ್ಲಿ ಓದ್ಬೇಡಿ, ಜೋರಾಗಿ ಹೇಳಿ ನೋಡಿ. ಇವರು ಕನ್ನಡದಲ್ಲೋ ತೆಲುಗಲ್ಲೋ ಹೇಳಿದ್ದನ್ನ ಮದ್ರಾಸ್ ಡಿಪೋ, ಅಂದ್ರೆ ಹಡಗು ಹತ್ತೋ ಮುಂಚೆ ಕೂಲಿಗಳನ್ನ ಇಡ್ತಿದ್ದ ಜಾಗ, ಅಲ್ಲಿನ ಗುಮಾಸ್ತ ಕೇಳಿಸಿಕೊಂಡ ಹಾಗೆ ಇಂಗ್ಲಿಷಲ್ಲಿ ಗೀಚಿರ್ತಾನೆ, ಮುನಿಯಪ್ಪ ಮುನಿಯಪ್ಪನ್ ಆಗಿರ್ತಾನೆ, ಹಳ್ಳಿಯೋ ಪಳ್ಳಿಯೋ ಆಗಿರುತ್ತೆ. ಇನ್ನೊಂದು, ಆಗಿನ ಕೋಲಾರ ಜಿಲ್ಲೆ ಅಂದ್ರೆ ಈಗಿನ ಚಿಕ್ಕಬಳ್ಳಾಪುರವೂ ಸೇರಿತ್ತು, ಅಲ್ಲೂ ಹುಡುಕಿ.

ಊರು ಗೊತ್ತಾದ್ರೆ ಆ ತಾಲ್ಲೂಕಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ, ಐಎಲ್ ಆರ್‌ಆರ್ ಪುಸ್ತಕದ (ಯಾವ ಜಮೀನು ಯಾರದು ಅನ್ನೋ ಹಳೇ ಹಕ್ಕು ದಾಖಲೆ) ನಕಲು ಕೇಳಿ. ಅದು ನಿಮ್ಮವರು ಹೋದ ಮೇಲಿನದು, ಆದ್ರೂ ಊರಲ್ಲೇ ಉಳಿದ ಅಣ್ಣ ತಮ್ಮಂದಿರು ಇದ್ರೆ ಅದರಲ್ಲಿರ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ಕ್ರಯಪತ್ರ, ಭೋಗ್ಯಪತ್ರ ಇನ್ನೂ ಒಳ್ಳೇದು. ನಮ್ಮ ಕಡೆ ಪತ್ರಗಳಲ್ಲಿ ಗಂಡಸಿನ ಹೆಸರಾದ್ಮೇಲೆ ಬಿನ್ ಅಂತ ಹಾಕಿ ತಂದೆ ಹೆಸರು, ಹೆಂಗಸಾದ್ರೆ ಕೋಂ ಅಂತ ಹಾಕಿ ಗಂಡನ ಹೆಸರು. ನಿಮಗೆ ಈಗ ಸಿಕ್ಕಿರೋ ತಂದೆ ಹೆಸರು ಕೋಂ ಆದ್ಮೇಲೆ ಎಲ್ಲಾದ್ರೂ ಬಂತು ಅನ್ಕೊಳ್ಳಿ, ಅದರ ಹಿಂದಿರೋ ಹೆಂಗಸು ನೀವು ಹುಡುಕ್ತಿರೋ ತಾಯಿ ಇರಬಹುದು. ವಿಧವೆಯರು ಮಕ್ಕಳ ಜೊತೆ ಸೇರಿ ಜಮೀನು ಬರೆದುಕೊಟ್ಟ ಪತ್ರ ಬೇಕಾದಷ್ಟಿವೆ. ಎರಡನೇ ಹೆಂಡತಿನೂ ಇರಬಹುದು ಅನ್ನೋದು ನೆನಪಿರ್ಲಿ.

ಅನುಮಾನರಾಯ:
ಎಲ್ರೂ ಖುಷಿಯಾಗಿದೀರ, ಆದ್ರೂ ಹೇಳ್ತೀನಿ. ಮನೇಲಿ ಜಗಳ ಆಡಿ ಹೋದವರು, ಸಾಲ ತಪ್ಪಿಸ್ಕೊಂಡು ಹೋದವರು ಡಿಪೋದಲ್ಲಿ ಸುಳ್ಳು ಹೆಸರು ಕೊಟ್ಟಿರೋ ಸಾಧ್ಯತೆ ಇದ್ದೇ ಇದೆ. ತಂದೆ ಹೆಸರು ಒಂದೇ ಕಡೆ ನೋಡಿ ವಂಶವೃಕ್ಷ ಪ್ರಿಂಟ್ ಹಾಕಿಸ್ಬೇಡಿ. ನಂಬರಿನ ಹಿಂದೆ ಮುಂದೆ ಯಾರಿದಾರೆ ನೋಡಿದ್ರಾ? ಒಟ್ಟಿಗೆ ಹೋದವರಿಗೆ ಒಂದರ ಹಿಂದೆ ಒಂದು ನಂಬರ್ ಬಿದ್ದಿರುತ್ತೆ ಬಹಳ ಸಲ.

ಹಳೇಪೆಟ್ಟಿಗೆ:
ಈಗ ನೋಡ್ದೆ. ಮುಂದಿನ ನಂಬರೇ ಒಬ್ಬ ಹೆಂಗಸು, ವಯಸ್ಸು 19, ತಂದೆ ಹೆಸರು ಅದೇ, ಊರೂ ಅದೇ ವಿಚಿತ್ರ ಸ್ಪೆಲ್ಲಿಂಗ್. ತಂಗಿ ಇದ್ದಿರಬಹುದಾ? ಮನೇಲಿ ಯಾರೂ ಇಂಥವರೊಬ್ಬರಿದ್ರು ಅಂತಲೇ ಹೇಳಿಲ್ಲ.

ಕಡತಪ್ರಿಯ:
ಹಾಗಾದ್ರೆ ಇನ್ನು ಅವರನ್ನ ಬಿಟ್ಟು ಆಕೆ ಹಿಂದೆ ಬೀಳಿ. ಕೂಲಿಗಳ ಮದುವೆ ಅಲ್ಲಿ ಪ್ರೊಟೆಕ್ಟರ್ (ಭಾರತದ ಕೂಲಿಗಳನ್ನ ನೋಡ್ಕೊಳ್ಳೋಕೆ ಇದ್ದ ಸರ್ಕಾರಿ ಅಧಿಕಾರಿ) ಆಫೀಸಲ್ಲಿ ರಿಜಿಸ್ಟರ್ ಆಗ್ತಿತ್ತು, ಆಕೆ ನಂಬರಲ್ಲಿ ಹುಡುಕಿದ್ರೆ ಗಂಡನ ಹೆಸರು ಸಿಗಬಹುದು, ಗಂಡನ ಹೆಸರು ಸಿಕ್ರೆ ಡೆತ್ ನೋಟಿಸ್ ಹುಡುಕೋದು ಸುಲಭ. ಅಣ್ಣನಿಗೆ ಫೈಲ್ ಇಲ್ದಿದ್ರೂ ತಂಗಿಗೆ ಇರಬಹುದು, ಇಬ್ಬರ ತಾಯಿ ಒಬ್ಬರೇ ಆಗಿದ್ರೆ ಕೆಲಸ ಆಯ್ತು. ಆ ಊರಿನ ಸ್ಪೆಲ್ಲಿಂಗ್ ಇದ್ದ ಹಾಗೇ ಇಲ್ಲಿ ಹಾಕಿ, ಕೋಲಾರದವರು ಯಾರಾದ್ರೂ ಗುರುತು ಹಿಡೀತಾರೆ.