ಪದ ಬೇಕು: ಲೂಪಸ್ ಕಿಡ್ನಿ ರೋಗಿಗಳ ಕರಪತ್ರಕ್ಕೆ 'ಕಾಗ್ನಿಟಿವ್ ಇಂಪೇರ್‌ಮೆಂಟ್'

ನಮಸ್ಕಾರ. ಲೂಪಸ್ ನೆಫ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಕಿಡ್ನಿಗೆ ತಗಲುವುದು) ಇರುವವರಿಗೆ ಹಂಚುವ ಕರಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಕರಡಿನಲ್ಲಿ 'ಬುದ್ಧಿಮಾಂದ್ಯ' ಎಂದಿದೆ. ಅದು ಹುಟ್ಟಿನಿಂದ ಇರುವುದಕ್ಕೆ ರೂಢಿಯಾದ ಮಾತು, ಓದಿದವರು ನೊಂದುಕೊಳ್ಳುತ್ತಾರೆ. ಹೇಳಬೇಕಾದದ್ದು ಇಷ್ಟು: ಗಮನ ನಿಲ್ಲದಿರುವುದು, ಯೋಚನೆ ನಿಧಾನವಾಗುವುದು, ಮಾತಾಡುವಾಗ ಪದ ಸಿಗದಿರುವುದು. ಶೀರ್ಷಿಕೆಗೆ ಎರಡು ಪದದಷ್ಟೇ ಜಾಗ.

ಮರು:
'ಅರಿವುಗುಂದು'. ಅಱಿವು, ಮಱೆವು ಎರಡರಲ್ಲೂ ಶಕಟರೇಫ, ಅಂದರೆ ಹಳಗನ್ನಡದ ಱ. ತಮಿಳಿನವರು ಉಳಿಸಿಕೊಂಡರು, ನಾವು ಬಿಟ್ಟೆವು. ಬೇರು ನಮ್ಮದೇ ಇರುವಾಗ 'ಸಂಜ್ಞಾನಾತ್ಮಕ ದುರ್ಬಲತೆ' ಯಾರಿಗೆ ಬೇಕು? 'ಅರಿವುದೋಷ' ಎನ್ನಲು ಹೊರಟವರಿಗೆ: ಅದು ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.

ಮರು:
ಆಗದು. 'ಅರಿವಳಿಕೆ ತಜ್ಞರು' ಎಂಬ ಫಲಕ ನೋಡಿದವರಿಗೆ 'ಅರಿವುಗುಂದು' ಎಂದರೆ ಪ್ರಜ್ಞೆ ತಪ್ಪುವುದು. 'ಗೊಂದಲ'ವೂ ಬೇಡ. ಅಮೆರಿಕದ ರುಮಟಾಲಜಿ ಕಾಲೇಜು (ಲೂಪಸ್, ಸಂಧಿವಾತದಂಥ ಕಾಯಿಲೆಗಳ ತಜ್ಞರ ಸಂಘ) 1999ರಲ್ಲಿ ಲೂಪಸ್‌ನ ನರ-ಮನೋ ತೊಂದರೆಗಳನ್ನು 19 ಬಗೆಯಾಗಿ ಹೆಸರಿಸಿದಾಗ ದಿಢೀರ್ ಗೊಂದಲವನ್ನು ಬೇರೆಯೇ ಇಟ್ಟಿತು. ಅದು ಗಂಟೆಗಳಲ್ಲಿ, ದಿನಗಳಲ್ಲಿ ಏರುವಂಥದ್ದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡಕ್ಕೂ ಒಂದೇ ಪದ ಹಾಕಿದರೆ ಮನೆಯವರು 'ಇದು ಮೊದಲಿಂದಲೂ ಇದೆ' ಎಂದು ಸುಮ್ಮನಾಗುತ್ತಾರೆ.
'ಗ್ರಹಣಶಕ್ತಿ ಕುಸಿತ' ಹಾಕಿ. ಕಾರಣವನ್ನು ಲೂಪಸ್ ಒಂದರ ತಲೆಗೇ ಕಟ್ಟಬೇಡಿ. ಕಿಡ್ನಿ ಸೋತು ರಕ್ತದಲ್ಲಿ ಕಶ್ಮಲ ಏರಿದರೂ, ಆ್ಯಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿಂದ ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ, ದೊಡ್ಡ ಡೋಸಿನ ಸ್ಟೀರಾಯ್ಡ್ ನಿದ್ದೆ ಕೆಡಿಸಿದರೂ ಹೀಗಾಗುತ್ತದೆ.

ಮರು:
ಗ್ರಹಣ ಹಿಡಿಯುವುದು ಸೂರ್ಯನಿಗೆ. ಸ್ಟೀರಾಯ್ಡ್ ನಡೆಯುತ್ತದೆ, ಕುಂದು ನಡೆಯುವುದಿಲ್ಲವೋ?

ಮರು:
'ಮೂತ್ರಪಿಂಡ' ಎಂದರೆ 'ಕಿಡ್ನಿನಾ?' ಎಂದು ಕೇಳುವ ಕಾಲ ಇದು ಸ್ವಾಮಿ. ಔಷಧಿ ಚೀಟಿಯಲ್ಲಿರುವ ಮಾತೇ ಕರಪತ್ರದಲ್ಲೂ ಇರಲಿ. ನನ್ನ ಓಟು 'ಗಮನ-ನೆನಪಿನ ತೊಂದರೆ'ಗೆ. ಇನ್ನೊಂದು: ಗಮನ, ನೆನಪು ಮುಂತಾದವನ್ನು ಅಳೆಯುವ ಮೋಕಾ (MoCA) ತಪಾಸಣೆಯಲ್ಲಿ 30ಕ್ಕೆ 26ಕ್ಕಿಂತ ಕಡಿಮೆ ಬಂದವರನ್ನು 'ಅನುತ್ತೀರ್ಣ' ಎನ್ನಬೇಡಿ. ಅದು ಜರಡಿ ಅಷ್ಟೆ, ರೋಗನಿರ್ಣಯವಲ್ಲ. ಓದು 12 ವರ್ಷ ಮೀರದವರಿಗೆ ಒಂದು ಅಂಕ ಸೇರಿಸುವುದೂ ಇದೆ.

ಮರು:
'ಗಮನ' ಎಂದರೆ ಸಂಸ್ಕೃತದಲ್ಲಿ ಹೋಗುವುದು.

ಮರು:
ಇಲ್ಲೂ ಹೋಗುತ್ತಲೇ ಇದೆ, ನಿಲ್ಲುತ್ತಿಲ್ಲ. ಚರ್ಚೆಯೂ ಹಾಗೇ.

ಮರು:
ಶೀರ್ಷಿಕೆಗೆ 'ಗಮನ-ನೆನಪಿನ ತೊಂದರೆ'ಯನ್ನೇ ಇಟ್ಟೆ. 'ಗ್ರಹಣಶಕ್ತಿ ಕುಸಿತ' ವೈದ್ಯರ ಪ್ರತಿಗೆ. ದಿಢೀರ್ ಗೊಂದಲ, ಫಿಟ್ಸ್ ಎರಡೂ ಕೆಂಪು ಚೌಕದಲ್ಲಿ. ಲೂಪಸ್ ಹತೋಟಿಗೆ ಕೊಡುವ ಮೈಕೊಫಿನೊಲೇಟ್ ಮಾತ್ರೆ ದಿನಕ್ಕೆರಡು ಹೊತ್ತಿನದು, ಹೊತ್ತು ತಪ್ಪುತ್ತಿದ್ದರೆ ಕಾಯಿಲೆ ಮರುಕಳಿಸಬಹುದು. ಹಾಗಾಗಿ ವಾರದ ಮಾತ್ರೆಡಬ್ಬಿ, ಮೊಬೈಲ್ ಅಲಾರಂ ಸಾಲುಗಳನ್ನು ಮೊದಲ ಪುಟಕ್ಕೆ ತಂದಿದ್ದೇನೆ.